ಮೇಲೆ ಹಪ್ಪಳ, ಕೆಳಗೆ ಮೋರಿ

ಮೊನ್ನೆ ಹಾನಗಲ್ಲಿನ ಸಂತೆಯಿಂದ ಒಂದು ಬಲಿತ ಹಲಸಿನಕಾಯಿ ತಂದೆ. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಕೊಯ್ದೆ. ಬಿಳಿ ಮೇಣ ಒಸರತೊಡಗಿತು, ಜೊತೆಗೆ ಆ ವಾಸನೆ ಬಂತು. ಹಸಿ, ಒಗರು, ಅದರ ಮೇಲೊಂದು ತೆಳ್ಳಗಿನ ಎಣ್ಣೆಯ ಘಮ. ನಮ್ಮ ಮನೆಯಲ್ಲಿ ಯಾರಿಗೂ ಈ ವಾಸನೆ ಸೇರುವುದಿಲ್ಲ, ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಾರೆ. ನಾನು ಮಾತ್ರ ಚಾಕು ಹಿಡಿದುಕೊಂಡು ಸುಮ್ಮನೆ ಕುಳಿತೇ ಇದ್ದೆ. ಎದುರಿಗಿದ್ದ ಅಡುಗೆಮನೆ ನಿಧಾನವಾಗಿ ಮಸುಕಾಯಿತು. ಆ ಜಾಗದಲ್ಲಿ ಇಸಳೂರಿನ ಒಂದು ತಾರಸಿ, ತಾರಸಿಯ ತುಂಬ ಬಿಸಿಲು, ಬಿಸಿಲಿನ ತುಂಬ ಹಪ್ಪಳ ಕಾಣಿಸಿದವು.

ಆಗ ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಟೀಚರು. ವರ್ಗವಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಬೇಸಿಗೆ ರಜೆ ಬಂದಾಗ ಉಳಿದ ಟೀಚರುಗಳೆಲ್ಲ ಊರಿನ ಬಸ್ಸು ಹತ್ತಿದರು. ನಾನು ಹೋಗಲಿಲ್ಲ. ಊರಿಗೆ ಹೋದರೆ ವರ ತೋರಿಸುವ ಕಾಟ ತಪ್ಪಿದ್ದಲ್ಲ. ದಿನಕ್ಕೊಬ್ಬ ಬಂದು ಅವಲಕ್ಕಿ ತಿಂದು, ನನ್ನ ಚಿತ್ರಗಳನ್ನು ತಲೆಕೆಳಗಾಗಿ ಹಿಡಿದು ನೋಡಿ, ಆಮೇಲೆ ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದ. ಅದಕ್ಕಿಂತ ಇಸಳೂರಿನ ಬಾಡಿಗೆ ಕೋಣೆಯ ಸೆಖೆಯೇ ವಾಸಿ ಎನಿಸಿತು. ಬಣ್ಣ, ಕಾಗದ, ಒಂದು ಟೇಬಲ್ ಫ್ಯಾನು ಇಟ್ಟುಕೊಂಡು ನಾನು ಅಲ್ಲೇ ಉಳಿದೆ.

ಮನೆ ಸುಬ್ರಾಯಣ್ಣನವರದು. ಬಸ್ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ದಾರಿಗಳಲ್ಲಿ ಅವರ ಗಂಟಲಿನ ಪರಿಚಯ ಇಲ್ಲದವರು ಕಡಿಮೆ. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರನ ಕಿವಿ ನಿಮಿರುತ್ತಿತ್ತಂತೆ. ಮನೆಯಲ್ಲಿಯೂ ಅದೇ ಗಂಟಲು. ಒಂದು ಲೋಟ ನೀರು ಕೇಳಿದರೆ ಪಕ್ಕದ ಮನೆಯವರೂ ನೀರು ತರಬೇಕು, ಹಾಗೆ. ಅವರ ಹೆಂಡತಿ ಶಾರದಕ್ಕ ಇದಕ್ಕೆ ತದ್ವಿರುದ್ಧ, ಮೆಲುದನಿಯವರು. ಕೆಳಗಿನ ಮುಂಭಾಗದಲ್ಲಿ ಇವರಿಬ್ಬರು, ಹಿಂಭಾಗದ ಒಂದು ಕೋಣೆಯಲ್ಲಿ ನಾನು. ಮೇಲಿನ ಮಹಡಿಯಲ್ಲಿ ಗಂಗಕ್ಕ.

ಗಂಗಕ್ಕ ಹೇರೂರಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ದೊಡ್ಡ ಕುಟುಂಬದ ಅಡುಗೆಮನೆಯಲ್ಲಿ ಎಲ್ಲರಿಗೂ ಬೇಯಿಸಿ ಹಾಕುತ್ತ ವರ್ಷಗಳನ್ನು ಕಳೆದವರು. ನಲವತ್ತು ದಾಟಿದ ಮೇಲೆ ಒಂದು ದಿನ, ಇನ್ನು ನನಗೆ ನನ್ನದೇ ಕೆಲಸ ಬೇಕು ಎಂದು ಹೊರಟು ಬಂದು ಇಲ್ಲಿ ಹಲಸಿನ ಹಪ್ಪಳ ಮಾಡತೊಡಗಿದ್ದರು. ಬೆಳಿಗ್ಗೆ ಅಕ್ಕಪಕ್ಕದ ಒಂದಿಬ್ಬರು ಹೆಂಗಸರು ಕೈಜೋಡಿಸಲು ಬರುತ್ತಿದ್ದರು. ತಾರಸಿಯ ಮೂಲೆಯಲ್ಲಿ ತಗಡಿನ ಮರೆ ಕಟ್ಟಿ, ಇಟ್ಟಿಗೆ ಕೂಡಿಸಿ ಒಂದು ದೊಡ್ಡ ಒಲೆ ಮಾಡಿಕೊಂಡಿದ್ದರು. ಇಲ್ಲಿಯವರು ಸೊಳೆ ಎನ್ನುವ ತೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ರುಬ್ಬುವುದು, ಮೆಣಸು ಜೀರಿಗೆ ಕಲೆಸುವುದು, ಉಂಡೆ ಕಟ್ಟಿ ಮಣೆಯಡಿ ಒತ್ತುವುದು. ಮಧ್ಯಾಹ್ನದ ಹೊತ್ತಿಗೆ ಚಾಪೆಗಳ ಮೇಲೆ ಹಪ್ಪಳ ಮಲಗಿರುತ್ತಿತ್ತು. ಹಸಿಯಿದ್ದಾಗ ಒಂದು ಹಳದಿ, ಅರೆ ಒಣಗಿದಾಗ ಇನ್ನೊಂದು, ಸಂಜೆಗೆ ಮತ್ತೊಂದು. ಆ ಬಣ್ಣಗಳನ್ನು ಕಾಗದಕ್ಕೆ ಇಳಿಸಲು ನಾನು ಒದ್ದಾಡಿದ್ದೇ ಬಂತು. ಗಂಗಕ್ಕ ಬಗ್ಗಿ ನೋಡಿ, "ಅಕ್ಕೋರೇ, ಇದು ಹಪ್ಪಳನೋ, ದೋಸೆಯೋ?" ಎಂದು ಕೇಳಿ ನನ್ನ ಮಾನ ಕಳೆಯುತ್ತಿದ್ದರು.

ನನ್ನ ಮಂಚದ ಪಕ್ಕದ ಗೋಡೆಯ ಆಚೆಗೆ ಮೇಲಿನ ಮನೆಯ ನೀರಿಳಿಯುವ ಪೈಪು ಇತ್ತು. ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ಅದರ ಸದ್ದು ಕೇಳುತ್ತ ನಿದ್ದೆ ಬರುತ್ತಿತ್ತು. ಅಕ್ಕಿ ತೊಳೆದ ನೀರು ಮೆಲ್ಲಗೆ ಇಳಿಯುತ್ತಿತ್ತು. ದೊಡ್ಡ ಪಾತ್ರೆ ಬಗ್ಗಿಸಿದರೆ ದಡದಡ ಎನ್ನುತ್ತಿತ್ತು. ಕೈ ತೊಳೆದದ್ದು ಬರೀ ಒಂದು ಗೆರೆ ಎಳೆದ ಹಾಗೆ. ಕಣ್ಣು ಮುಚ್ಚಿಕೊಂಡೇ ಮೇಲೆ ಯಾವ ಕೆಲಸ ನಡೆದಿದೆ ಎಂದು ನನಗೆ ತಿಳಿಯುತ್ತಿತ್ತು. ರಸ್ತೆಯಲ್ಲಿ ಬೈಕುಗಳು ಹೋಗುತ್ತಿದ್ದವು, ಎಲ್ಲೋ ಒಂದು ಬಸ್ಸು ಹಾರ್ನು ಹಾಕುತ್ತಿತ್ತು, ಫ್ಯಾನು ತಲೆ ಆಡಿಸುತ್ತಿತ್ತು. ಯಾರದೋ ಮನೆಗೆಲಸದ ನೀರಿನ ಸದ್ದಿನಲ್ಲಿ ತೇಲುತ್ತ ನಾನು ನಿದ್ದೆ ಹೋಗುತ್ತಿದ್ದೆ. ಅಷ್ಟು ಹಿತವಾದ ನಿದ್ದೆ ಮತ್ತೆಂದೂ ನನಗೆ ಬಂದಿಲ್ಲ.

ಅಂಥ ಒಂದು ಮಧ್ಯಾಹ್ನ ಬಚ್ಚಲಿನಿಂದ 'ಬುಳಕ್' ಎಂದು ಸದ್ದಾಯಿತು. ಎದ್ದು ಹೋಗಿ ನೋಡಿದರೆ ನೆಲದ ಜಾಲಿಯಿಂದ ನೀರು ಮೇಲಕ್ಕೆ ಬರುತ್ತಿತ್ತು. ಅದರ ಮೇಲೆ ಎಣ್ಣೆಯ ಕಾಮನಬಿಲ್ಲು, ನಡುವೆ ನಾಲ್ಕು ಅನ್ನದಗುಳು. ಬಣ್ಣವೇನೋ ಚೆನ್ನಾಗಿತ್ತು, ವಾಸನೆಯ ವಿಷಯ ಬೇಡ. ನನ್ನ ಕೋಣೆ ಆಮೇಲೆ ಸೇರಿಸಿ ಕಟ್ಟಿದ್ದು, ನೆಲ ಒಂದಿಷ್ಟು ತಗ್ಗು. ಮನೆಯ ನೀರೆಲ್ಲ ಹಿತ್ತಲಿನ ಒಂದು ಚೇಂಬರಿಗೆ ಬಂದು ಸೇರಿ, ಅಲ್ಲಿಂದ ನೆಲದಡಿಯ ಪೈಪಿನಲ್ಲಿ ಸಾಗಿ, ಮೂಲೆಯಲ್ಲಿ ತಿರುಗಿ, ಪಕ್ಕದ ಗುಂಡಿಗೆ ಬೀಳುತ್ತಿತ್ತು. ಮುಂದೆ ದಾರಿ ಸಿಗದ ನೀರು ಮೊದಲು ನನ್ನ ಬಚ್ಚಲಿಗೇ ನೆಂಟನಾಗಿ ಬಂತು.

"ಸುಬ್ರಾಯಣ್ಣಾ, ಬರ್ರಿ ಇಲ್ಲೆ, ನಿಮ್ಮ ಮೋರಿ ನಮ್ಮನ್ಯಾಗ ಹೊಕ್ಕೈತಿ!" ಎಂದು ನಾನು ಕೂಗಿದೆ.

ಅವರು ಪಂಚೆ ಎತ್ತಿ ಕಟ್ಟಿ ಬಂದರು. ಚೇಂಬರಿನ ಕಲ್ಲು ಸರಿಸಿದರು. ಒಳಗೆ ನೀರು ಅಂಚಿನವರೆಗೆ ನಿಂತಿತ್ತು. ಬೇರೆ ಊರಾಗಿದ್ದರೆ ಜನ ತಂತಿ ಹುಡುಕುತ್ತಾರೆ. ನಮ್ಮ ಸುಬ್ರಾಯಣ್ಣ ಹಿತ್ತಲ ಗೋಡೆಗೆ ಒರಗಿಸಿಟ್ಟಿದ್ದ ಅಡಿಕೆ ಮರದ ದಬ್ಬೆ ತಂದರು. ಅಡಿಕೆ ಮರ ಸೀಳಿದ ಆ ಉದ್ದನೆಯ ಪಟ್ಟಿ ಈ ಕಡೆ ಎಲ್ಲ ಕೆಲಸಕ್ಕೂ ಆಗುತ್ತದೆ. ಬೇಲಿಗೆ, ಚಪ್ಪರಕ್ಕೆ, ಬಳ್ಳಿ ಹಬ್ಬಿಸಲು, ನಾಯಿ ಓಡಿಸಲು. ಅವರು ಹುಟ್ಟಿ ಬೆಳೆದ ಮನೆಯಲ್ಲಿ ಬಚ್ಚಲ ನೀರು ತೆರೆದ ಕಾಲುವೆಯಲ್ಲಿ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಕಟ್ಟಿದರೆ ದಬ್ಬೆಯಿಂದ ಕೆದಕುವುದು, ಮುಗಿಯಿತು. ಆ ಅಭ್ಯಾಸದಲ್ಲೇ ದಬ್ಬೆಯ ತುದಿಯನ್ನು ಪೈಪಿನೊಳಗೆ ತೂರಿಸಿ ಗುದ್ದಿದರು, ತಿರುಗಿಸಿದರು, ಮತ್ತೆ ಗುದ್ದಿದರು. ಕೊನೆಗೆ ಗೊರಗೊರ ಎಂದು ನೀರು ಇಳಿಯಿತು. ದಬ್ಬೆಗೆ ಕಂದು ಬಣ್ಣದ ಅಂಟು ಮೆತ್ತಿಕೊಂಡಿತ್ತು. ಅದನ್ನು ನಮಗೆಲ್ಲ ದೂರದಿಂದಲೇ ತೋರಿಸಿ, ಹಿತ್ತಲ ಮೂಲೆಗೆ ತೆಗೆದುಕೊಂಡು ಹೋದರು.

"ಮೇಣ!" ಎಂದು ಅಲ್ಲಿಂದಲೇ ಗುಡುಗಿದರು. "ಗಂಗಕ್ಕಾ, ಇದು ನಿಂಗಳ ಹಲಸಿನ ಮೇಣ. ಬೇರೆ ಎಂತೂ ಅಲ್ಲ!"

ಮೇಲಿನಿಂದ ಗಂಗಕ್ಕ ಇಣುಕಿ ನೋಡಿದರು. ಮುಖ ಸಣ್ಣದಾಗಿತ್ತು. ಅಂದು ಸಂಜೆ ನಾನು ಮೇಲೆ ಹೋದಾಗ ಕೈತೊಳೆಯುವ ಸಿಂಕಿನ ಮುಂದೆ ನಿಂತು ಯೋಚಿಸುತ್ತಿದ್ದರು.

"ಹೇರೂರಲ್ಲಿ ಮೇಣನ ಕೋಲಿಗೆ ಸುತ್ತಿ ಇಡ್ತಿದ್ಯ ಅಕ್ಕೋರೇ," ಎಂದರು. "ಕೊಡಪಾನ ಸೋರಿರೆ ಅದ್ನೇ ಕಾಸಿ ಹಚ್ಚದು. ಒಂದು ಚೂರೂ ಹಾಳು ಮಾಡ್ತಿತ್ತಿಲ್ಲೆ. ಇಲ್ಲಿ ಬಿಸಿನೀರಿನ ನಲ್ಲಿ ಇದ್ದು ಹೇಳಿ, ಎಣ್ಣೆ ಹಚ್ಕಂಡು ಬಿಸಿನೀರಲ್ಲಿ ತೊಳದ್ರೆ ಮೇಣ ಎಲ್ಲ ಕರಗಿ ಹೋಗ್ತು. ಹೋತು ಅಂದ್ಕಂಡಿದ್ದಿ. ಅದು ಕೆಳಗೆ ಹೋಗಿ ತಣ್ಣಗಾಗಿ ಕೂತ್ಕಂಡಿದ್ದು."

ಮರುದಿನದಿಂದ ತಾರಸಿಯಲ್ಲಿ ಹೊಸ ಶಿಸ್ತು ಬಂತು. ಕಾಯಿ ಕೊಯ್ದ ಕೂಡಲೇ ಮೇಣ ಕೋಲಿಗೆ. ಚಾಕು, ಕೈ, ಪಾತ್ರೆ ಎಲ್ಲವನ್ನೂ ಮೊದಲು ಹಳೆಯ ಪೇಪರಿನಲ್ಲಿ ಒರೆಸಿ, ಆ ಪೇಪರನ್ನು ಒಲೆಗೆ ಹಾಕುವುದು. ಸಿಂಕಿಗೆ ಸಣ್ಣ ಕಣ್ಣಿನ ಜಾಲಿ. ತೆಂಗಿನ ನಾರು ಹಾಕಿ ಪಾತ್ರೆ ತಿಕ್ಕುವುದು ಬಂದ್, ಏಕೆಂದರೆ ನಾರಿನ ಎಳೆ ಹೋಗಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಉಳಿದದ್ದೆಲ್ಲ ಅದಕ್ಕೇ ಜೋತುಬೀಳುತ್ತದೆ. ಬೂದಿಯೂ ಬಂದ್, ಅದು ಎಣ್ಣೆಯ ಜೊತೆ ಸೇರಿ ಗಾರೆಯಾಗುತ್ತದೆ. ಗಂಜಿ ದನದ ಮನೆಗೆ ಕೊಡುವುದು. ನಾನೂ ತಲೆ ಬಾಚಿದ ಕೂದಲನ್ನು ಬಚ್ಚಲಿನಲ್ಲಿ ಬಿಡುವುದನ್ನು ನಿಲ್ಲಿಸಿದೆ. ಶಾರದಕ್ಕನೂ ನಿಲ್ಲಿಸಿದರು. ಅವರು ದಿನಾ ಮಧ್ಯಾಹ್ನ ಗಂಡ ಮಲಗಿದ ಮೇಲೆ ಮೆಲ್ಲಗೆ ಮೆಟ್ಟಿಲು ಹತ್ತಿ ಉಂಡೆ ಕಟ್ಟಲು ಬರುತ್ತಿದ್ದರು.

ಆ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣಿನೊಳಗೆ ಎಲ್ಲೋ ಒಣಗಲು ಹಾಕಿದ ಹಾಗೆ ಇವೆ. ತಗಡಿನ ನೆರಳಿನಲ್ಲಿ ನಾವು ಕೂರುತ್ತಿದ್ದೆವು. ಗಾಳಿ ಇಲ್ಲ, ಎಲೆ ಅಲುಗುವುದಿಲ್ಲ. ಹಬೆಯಲ್ಲಿ ಬೆಂದ ಸೊಳೆಯ ಸಿಹಿವಾಸನೆ ಮೈಗೆಲ್ಲ ಹತ್ತುತ್ತಿತ್ತು. ಮಾತು ಅರ್ಧಕ್ಕೆ ನಿಂತು ಹೋಗುತ್ತಿತ್ತು, ಯಾರಿಗೂ ಅದನ್ನು ಮುಗಿಸಬೇಕು ಎನಿಸುತ್ತಿರಲಿಲ್ಲ. ಗಂಗಕ್ಕ ಒತ್ತಿದ ಹಪ್ಪಳವನ್ನು ಅಂಗೈಯ ಮೇಲೆ ಎತ್ತಿ ಬಿಸಿಲಿಗೆ ಹಿಡಿದು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡುತ್ತಿದ್ದರು. ಬೆಳಕು ಅದರೊಳಗಿಂದ ಬಂದು ಅವರ ಮುಖದ ಮೇಲೆ ಬೀಳುತ್ತಿತ್ತು. ಆ ಹೊತ್ತಿನಲ್ಲಿ ಅವರು ಎಷ್ಟು ಚೆಂದ ಕಾಣುತ್ತಿದ್ದರು ಎಂದರೆ, ನನಗೆ ಸುಮ್ಮನೆ ಸಂತೋಷವಾಗುತ್ತಿತ್ತು.

"ಹೇರೂರಲ್ಲಿ ನಾಕು ಒಲೆ ಇತ್ತು," ಎಂದು ಒಂದು ದಿನ ಹೇಳಿದರು. "ಒಂದೂ ನಂದು ಆಗಿತ್ತಿಲ್ಲೆ. ಇದು ನಂದು. ಇಟ್ಟಿಗೆದ್ದೇ ಇರ್ಲಿ, ನಂದು."

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಮೋರಿ ಮತ್ತೆ ಕಟ್ಟಿತು.

ಈ ಸಲ ಸುಬ್ರಾಯಣ್ಣ ದಬ್ಬೆಯ ಸುದ್ದಿಗೆ ಹೋಗಲಿಲ್ಲ. ಶಿರಸಿಯಿಂದ ಬಶೀರ್ ಭಾಯಿಯನ್ನು ಕರೆಸಿದರು. ಬಶೀರ್ ಭಾಯಿ ಮೂಲತಃ ಯಲ್ಲಾಪುರದವರು, ಅಣ್ಣಂದಿರೆಲ್ಲ ಲಾರಿ ಓಡಿಸುತ್ತಿದ್ದರು, ಇವರು ಒಬ್ಬರೇ ಪ್ಲಂಬರು. ಸುರುಳಿ ಸುತ್ತಿದ ಉಕ್ಕಿನ ಸ್ಪ್ರಿಂಗನ್ನು ಹೆಗಲಿಗೆ ಹಾಕಿಕೊಂಡು, ಹಾವಾಡಿಗನ ಠೀವಿಯಲ್ಲಿ ಬಂದರು. ಕೆಲಸಕ್ಕಿಂತ ಮೊದಲು ಭಾಷಣವಾಗಬೇಕು.

"ಅಕ್ಕೋರೇ, ನೀವು ಟೆನ್ಷನ್ ಮಾಡ್ಕೋಬೇಡಿ. ಈ ಸ್ಪ್ರಿಂಗ್ ಅದೆಯಲ್ಲ, ಇದು ನನ್ನ ಕೈಗೆ ಬಂದು ಎಲ್ಲಾ ಹೇಳ್ತದೆ. ಒಳಗೆ ಕೂದ್ಲು ಇದ್ರೆ ಬೇರೆ ನಮೂನೆ ಎಳೀತದೆ, ಬೇರು ಇದ್ರೆ ಬೇರೆ ನಮೂನೆ. ಡಾಕ್ಟ್ರು ನಾಡಿ ಹಿಡಿದ ಹಾಗೆ."

ಸ್ಪ್ರಿಂಗನ್ನು ಪೈಪಿನೊಳಗೆ ಬಿಟ್ಟು ತಿರುಗಿಸುತ್ತ ಕಣ್ಣು ಮುಚ್ಚಿದರು. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಎಳೆದಾಗ ಅದರ ತುದಿಯಲ್ಲಿ ಕಂದು ಮೇಣದ ಮುದ್ದೆ ಬಂತು. ನೀರು ಹರಿಯಿತು.

"ಪೂರಾ ಮೇಣ," ಎಂದು ಬಶೀರ್ ಭಾಯಿ ತೀರ್ಪು ಕೊಟ್ಟರು. "ಬೇರೆ ಏನೂ ಇಲ್ಲ. ನನ್ನ ಸ್ಪ್ರಿಂಗ್ ಸುಳ್ಳು ಹೇಳೋದಿಲ್ಲ."

ಅಷ್ಟು ಸಾಕಾಯಿತು. ಸುಬ್ರಾಯಣ್ಣ ಗೇಟಿನ ಹತ್ತಿರ ಹೋಗಿ ನಿಂತರು. ಎದುರು ಮನೆಯವರು ಏನಾಯಿತು ಎಂದು ಕೇಳಿದ್ದೇ ತಡ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಮೇಲಿನ ಬಾಡಿಗೆಯವರ ಹಲಸಿನ ಮೇಣದಿಂದ ತಮ್ಮ ಮನೆಯ ಮೋರಿ ಕಟ್ಟಿದೆ, ಎಷ್ಟು ಹೇಳಿದರೂ ಕೇಳುವುದಿಲ್ಲ, ಹಪ್ಪಳ ಮಾಡುವ ಜಾಗ ಇಷ್ಟು ಕೊಳಕಾದರೆ ಹೇಗೆ, ಎಂದು. ಬೈಕಿನಲ್ಲಿ ಹೋಗುತ್ತಿದ್ದವರು ಕಾಲೂರಿ ನಿಂತು ಕೇಳಿದರು. ಆಮೇಲೆ ಮಹಡಿಯತ್ತ ಮುಖ ಎತ್ತಿ, "ಇನ್ನೊಂದ್ಸಲ ಕಟ್ಟಿರೆ ಮನೆ ಖಾಲಿ ಮಾಡವು, ಗಂಗಕ್ಕಾ!" ಎಂದರು.

ಆ ವಾರದಲ್ಲಿಯೇ ಬೀದಿಯ ಯಾರೋ ಚೇಷ್ಟೆಗೆ 'ಗಟಾರದ ಹಪ್ಪಳ' ಎಂದರು. ಅದು ಬಾಯಿಂದ ಬಾಯಿಗೆ ಹೋಯಿತು. ಹಪ್ಪಳಕ್ಕೆ ಹೇಳಿಟ್ಟವರು ಈ ವರ್ಷ ಬೇಡ ಎಂದರು. ಕೈಜೋಡಿಸಲು ಬರುತ್ತಿದ್ದ ಹೆಂಗಸರು ಮನೆಯಲ್ಲಿ ಕೆಲಸ ಇದೆ ಎಂದರು. ಪೇಪರಿನಲ್ಲಿ ಒರೆಸಿ ಒರೆಸಿ ಗಂಗಕ್ಕನ ಬೆರಳು ಕೆಂಪಾಗಿದ್ದವು, ಅದನ್ನು ನೋಡಿದವಳು ನಾನು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಏನಂತ ಜಗಳ ತೆಗೆಯುವುದು? ಬಂದದ್ದು ಮೇಣವೇ ತಾನೆ.

ಕೆಲವು ದಿನ ಕಳೆದ ಮೇಲೆ ನನ್ನ ಬಚ್ಚಲಿನ ನೀರು ಮತ್ತೆ ತಡೆದು ತಡೆದು ಇಳಿಯತೊಡಗಿತು. ಅದು ಗಂಗಕ್ಕನಿಗೆ ಹೇಗೆ ತಿಳಿಯಿತೋ, ಒಂದು ಬೆಳಿಗ್ಗೆ ಕೆಳಗೆ ಬಂದು ಬಾಗಿಲಲ್ಲಿ ನಿಂತರು.

"ಅಕ್ಕೋರೇ, ನೀರು ನಿಲ್ತಾ ಇದ್ದಾ?"

"ನಿಂತ್ರ ನಿಲ್ಲವಲ್ದ್ಯಾಕ ಬಿಡ್ರಿ," ಎಂದೆ.

"ಸುಬ್ರಾಯಣ್ಣಂಗೆ ಹೇಳಡಿ," ಎಂದರು. ಬೇಡ ಎಂಬಂತೆ ಕೈ ಆಡಿಸಿದರು. "ಆನು ಮಳೆ ಬೀಳವರೆಗೆ ಕೆಲ್ಸ ಮುಗಸ್ತೆ. ಅಷ್ಟರವರೆಗೆ ಸಾಕು. ನಿಂಗ ಮೇಲೆ ಬಂದು ಮಿಂದ್ಕಳಿ."

ಹೇಳುವ ಯೋಚನೆ ನನಗೆ ಮೊದಲೇ ಇರಲಿಲ್ಲ. ಅಂದಿನಿಂದ ನನ್ನ ಬಚ್ಚಲಿನ ಜಾಲಿಗೆ ಬಟ್ಟೆ ತುರುಕಿ ಕಲ್ಲು ಹೇರಿ, ನಾನು ಟವೆಲು ಹೆಗಲಿಗೆ ಹಾಕಿಕೊಂಡು ಮೇಲೆ ಹೋಗತೊಡಗಿದೆ. ಬಚ್ಚಲಿನ ನೀರನ್ನು ಗಂಗಕ್ಕ ಬಕೆಟ್ಟಿನಲ್ಲೇ ಹಿಡಿದು ತಾರಸಿಯ ತುಳಸಿಗೆ, ಕೆಳಗಿನ ಬಸಳೆಗೆ ಹೊಯ್ಯುತ್ತಿದ್ದರು. ಪಾತ್ರೆ ತೊಳೆದ ನೀರಿಗೂ ಅದೇ ದಾರಿ. ಪೈಪಿನಲ್ಲಿ ಈಗ ಸದ್ದೇ ಇರಲಿಲ್ಲ. ಮಧ್ಯಾಹ್ನ ಮಲಗಿದರೆ ಗೋಡೆ ಸುಮ್ಮನಿರುತ್ತಿತ್ತು, ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಶಾರದಕ್ಕನಿಗೂ ನಮ್ಮ ಗುಟ್ಟು ಗೊತ್ತಿತ್ತು. ಅವರೂ ಬಟ್ಟೆಯನ್ನು ಹಿತ್ತಲ ಕಲ್ಲಿನ ಮೇಲೆ ಒಗೆಯತೊಡಗಿದ್ದರು, ಗಂಡನಿಗೆ ಸೋಪಿನ ನೀರು ಬಾಳೆಗೆ ಒಳ್ಳೆಯದಂತೆ ಎಂದು ಹೇಳಿದ್ದರು. ಒಂದು ಮನೆಯ ಮೂರು ಹೆಂಗಸರು ಸೇರಿ ಒಂದು ಮೋರಿಯನ್ನು ಸಾಕುತ್ತಿದ್ದೆವು.

ಗುಟ್ಟು ಒಡೆದದ್ದು ಯಲ್ಲಾಪುರಕ್ಕೆ ಮದುವೆಯಾಗಿ ಹೋಗಿದ್ದ ಸುಬ್ರಾಯಣ್ಣನ ಮಗಳಿಂದ. ರಜೆಗೆಂದು ಮಕ್ಕಳನ್ನು ಕರೆದುಕೊಂಡು ಬಂದ ಆಕೆ, ಬಂದ ಬೆಳಿಗ್ಗೆಯೇ ಎಲ್ಲರಿಗೂ ಎಣ್ಣೆ ಹಚ್ಚಿ ಹಂಡೆಗಟ್ಟಲೆ ನೀರು ಹೊಯ್ದಳು. ಸುಬ್ರಾಯಣ್ಣ ಕೊನೆಗೆ ಸ್ನಾನಕ್ಕೆ ಇಳಿದರು. ಮೈಗೆ ಸೋಪು ಹಚ್ಚಿಕೊಂಡು ನಿಂತವರ ಪಾದ ಮುಳುಗಿತು, ಆಮೇಲೆ ಮೀನಖಂಡ ಮುಳುಗಿತು. ಒಳಗಿನಿಂದ ಎದ್ದ ಕೂಗು ಬಸ್ ಸ್ಟಾಪಿನವರೆಗೂ ಕೇಳಿರಬೇಕು.

ಈ ಸಲ ಅವರು ಮೇಲಕ್ಕೆ ಮುಖ ಎತ್ತಿ ಕೂಗಲಿಲ್ಲ. ಒಣಗಿದ ಸೋಪು ಕಿವಿಯಲ್ಲಿರುವಂತೆಯೇ ಮೆಟ್ಟಿಲು ಹತ್ತಿ ಹೋಗಿ, "ಸಾಕು ಗಂಗಕ್ಕಾ, ಬೇರೆ ಮನೆ ನೋಡ್ಕ," ಎಂದರು. ಕೂಗಿದ್ದರೇ ಚೆನ್ನಾಗಿತ್ತು. ಗಂಗಕ್ಕ ಒಲೆಗೆ ನೀರು ಚಿಮುಕಿಸಿದರು. ಇಟ್ಟಿಗೆ ಆರಿದ ಮೇಲೆ ಒಂದೊಂದನ್ನೇ ಕಿತ್ತು ಗೋಡೆಯ ಬದಿಗೆ ಪೇರಿಸಿಟ್ಟರು. ಒಣಗಿದ ಹಪ್ಪಳವನ್ನೆಲ್ಲ ಡಬ್ಬಕ್ಕೆ ತುಂಬಿದರು. ಹೇರೂರಿಗೆ ಫೋನು ಮಾಡಿ ಬರುತ್ತೇನೆ ಎಂದು ಹೇಳಿದ್ದನ್ನು ನಾನು ಮೆಟ್ಟಿಲಿನ ಮೇಲೆ ನಿಂತು ಕೇಳಿಸಿಕೊಂಡೆ. ಅಳು ಬಂತು, ಅಲ್ಲಿಯೇ ಕುಳಿತು ಅತ್ತೆ. ಮತ್ತೆ ಅದೇ ನಾಲ್ಕು ಒಲೆಯ ಮುಂದೆ ಅವರು ಹೋಗಿ ನಿಲ್ಲುವುದು ನನಗೆ ನೆನೆಸಿಕೊಳ್ಳಲೂ ಆಗಲಿಲ್ಲ.

ಅಷ್ಟರಲ್ಲಿ ಬಶೀರ್ ಭಾಯಿ ಸ್ಪ್ರಿಂಗ್ ಹೊತ್ತುಕೊಂಡು ಬಂದಿದ್ದರು. ಗಂಗಕ್ಕ ಕೆಳಗೆ ಇಳಿದು ನೇರ ಚೇಂಬರಿನ ಹತ್ತಿರ ಹೋದರು. ಸುಬ್ರಾಯಣ್ಣನೂ ಅಲ್ಲೇ ಇದ್ದರು.

"ಆನು ಹೋಗ್ತೆ ಸುಬ್ರಾಯಣ್ಣ," ಎಂದರು. "ಆದ್ರೆ ಹೋಪಕ್ಕಿಂತ ಮುಂಚೆ ಆ ಪೈಪಿನೊಳಗೆ ಎಂತ ಇದ್ದು ಹೇಳಿ ನನ್ನ ಕಣ್ಣಲ್ಲಿ ನೋಡವು. ಇಷ್ಟು ದಿನ ಒಂದು ಚೂರು ಮೇಣ ಬಿಟ್ಟಿದ್ದಿಲ್ಲೆ. ಒಂದು ಹನಿ ನೀರೂ ಬಿಟ್ಟಿದ್ದಿಲ್ಲೆ. ಅಗೆಸು."

"ಅಗೆಯದೆಲ್ಲ ಎಂತಕ್ಕೆ? ಸ್ಪ್ರಿಂಗ್ ಹಾಕಿರೆ ಸಾಕು," ಎಂದರು ಸುಬ್ರಾಯಣ್ಣ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅಗೆಸಿ," ಎಂದರು ಶಾರದಕ್ಕ ಹಿಂದಿನಿಂದ. ಅವರ ದನಿ ಎಂದಿನಷ್ಟೇ ಮೆಲ್ಲಗಿತ್ತು.

ಬಶೀರ್ ಭಾಯಿ ಪೈಪು ತಿರುಗುವ ಮೂಲೆಯಲ್ಲಿ ಮಣ್ಣು ತೆಗೆದರು. ಬೇಸಿಗೆಯ ಕೆಂಪು ಮಣ್ಣು ಗಟ್ಟಿ, ಹಾರೆ ಠಣ್ ಎನ್ನುತ್ತಿತ್ತು. ಪೈಪು ಕಂಡ ಮೇಲೆ ಬಕೆಟ್ಟು ಇಟ್ಟು, ತಿರುವಿನ ಎರಡೂ ಕಡೆ ಗರಗಸದಿಂದ ಕೊಯ್ದರು. ಕೈಗವಸು ಹಾಕಿಕೊಂಡು ಆ ತಿರುವಿನ ತುಂಡನ್ನು ಎತ್ತಿ, ಬೆರಳು ತೂರಿಸಿ, ಒಳಗಿದ್ದುದನ್ನು ಒಗೆಯುವ ಕಲ್ಲಿನ ಮೇಲೆ ಕೆಡವಿದರು. ಹಕ್ಕಿಗೂಡಿನಂಥ ಒಂದು ಉಂಡೆ. ಕೂದಲು, ನಾರು, ಸೋಪಿನ ಬಿಳಿ, ಅದರ ಸುತ್ತ ಹಳೆಯ ಮೇಣ. ನೀರು ಹೊಯ್ದು ಬಿಡಿಸಿದಾಗ ನಡುವೆ ಗೇಣುದ್ದದ ಒಂದು ಮರದ ಸೀಳು ಕಾಣಿಸಿತು. ಒಂದು ತುದಿ ಮುರಿದು ಎಳೆ ಎಳೆಯಾಗಿತ್ತು, ಅಷ್ಟೂ ಎಳೆಗಳು ಕೂದಲನ್ನು ಅಪ್ಪಿ ಹಿಡಿದಿದ್ದವು.

ಶಾರದಕ್ಕ ಹಿತ್ತಲ ಮೂಲೆಗೆ ಹೋಗಿ ಅಲ್ಲಿ ಬೋರಲಾಗಿ ಬಿದ್ದಿದ್ದ ದಬ್ಬೆಯನ್ನು ತಂದರು. ಮೋಟು ತುದಿಯನ್ನು ಕಲ್ಲಿನ ಮೇಲಿದ್ದ ಚೂರಿಗೆ ತಾಗಿಸಿ ಇಟ್ಟರು. ಮುರಿದ ಜಾಗ ಮುರಿದ ಜಾಗಕ್ಕೆ ಕೂಡಿಕೊಂಡಿತು.

"ಇನ್ನೆಂತ ಹೇಳ್ತ್ರಿ?" ಎಂದರು ಗಂಡನಿಗೆ.

ಸುಬ್ರಾಯಣ್ಣ ಪಂಚೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಮುರದ್ದು ಗೊತ್ತಿತ್ತು," ಎಂದರು. "ನೀರಿನ ಜೊತಿಗೆ ಮುಂದೆ ಹೋತು ಅಂದ್ಕಂಡಿದ್ದಿ."

ಬಶೀರ್ ಭಾಯಿ ಗಂಟಲು ಸರಿಮಾಡಿಕೊಂಡು, "ನನಗೆ ಅವತ್ತೇ ಡೌಟ್ ಇತ್ತು. ಸ್ಪ್ರಿಂಗ್ ಒಂದು ಕಡೆ ಜಾರಿ ಹೋಗಿತ್ತು," ಎಂದರು. ನಾನು ದುರುಗುಟ್ಟಿ ನೋಡಿದೆ. ಅವರು ಬಗ್ಗಿ ಪೈಪಿನ ಬಾಯಿ ಒರೆಸತೊಡಗಿದರು. ಹೀಗೆ ನೇರ ಮೂಲೆಯಲ್ಲಿ ತಿರುಗಿಸಿದರೆ ಏನು ಬಂದರೂ ಅಲ್ಲೇ ಕೂರುತ್ತದೆ, ಎರಡು ಓರೆ ತಿರುವು ಕೊಟ್ಟು ಮೇಲೊಂದು ಮುಚ್ಚಳದ ಬಾಯಿ ಬಿಟ್ಟರೆ ಆಗಾಗ ತೆಗೆದು ನೋಡಬಹುದು ಎಂದು ಪೈಪಿಗೇ ಹೇಳುವವರ ಹಾಗೆ ಗೊಣಗಿದರು. ಆ ಮಾತು ಮಾತ್ರ ಸರಿಯಿತ್ತು. ಸಂಜೆಯ ಹೊತ್ತಿಗೆ ಹಾಗೆಯೇ ಮಾಡಿ ಮುಗಿಸಿದರು. ಮೇಲಿನ ನಲ್ಲಿ ಬಿಟ್ಟಾಗ ನೀರು ಒಂದೇ ಓಟದಲ್ಲಿ ಗುಂಡಿಗೆ ಹೋಗಿ ಬಿತ್ತು.

ಸುಬ್ರಾಯಣ್ಣ ಎಷ್ಟೋ ಹೊತ್ತು ಕಟ್ಟೆಯ ಮೇಲೆ ಕುಳಿತಿದ್ದು, ಕೊನೆಗೆ ಎದ್ದು ಗಂಗಕ್ಕನ ಹತ್ತಿರ ಬಂದರು.

"ಹೋಪದು ಬ್ಯಾಡ. ಇಲ್ಲೇ ಇರು," ಎಂದರು. "ತಪ್ಪು ನಂದೇಯ. ಬೀದಿಯವ್ರ ಗ್ರೂಪ್ ಇದ್ದಲೆ ಫೋನಲ್ಲಿ, ಅದ್ರಲ್ಲಿ ಹಾಕ್ತೆ."

ಗಂಗಕ್ಕ ಅವರನ್ನೇ ನೋಡಿದರು. "ಫೋನಲ್ಲಿ ಬ್ಯಾಡ," ಎಂದರು. "ಗೇಟಲ್ಲಿ ನಿಂತು ಹೇಳಿದ್ದನ್ನ ಗೇಟಲ್ಲೇ ನಿಂತು ಹೇಳವು. ಇಲ್ದಿದ್ರೆ ಆನು ನಾಳೆ ಬೆಳಗಿನ ಬಸ್ಸಿಗೆ ಹೋಗ್ತೆ."

ಹೇಳಿ ಮೆಟ್ಟಿಲು ಹತ್ತಿ ಹೋದರು. ನಾನು ಗೋಡೆಗೆ ಒರಗಿ ನಿಂತೆ. ಆ ಮನುಷ್ಯನ ಮುಖ ನೋಡಿ, ಇದು ಆಗುವ ಮಾತಲ್ಲ ಎನಿಸಿತು. ಜೀವಮಾನವೆಲ್ಲ ಬೇರೆಯವರನ್ನು ಮುಂದೆ ಹೋಗಿ, ಹಿಂದೆ ಸರಿಯಿರಿ ಎಂದು ಗದರಿಸಿದವರಿಗೆ ತಾವು ಹಿಂದೆ ಸರಿದು ಅಭ್ಯಾಸವಿಲ್ಲ. ಶಾರದಕ್ಕ ಒಳಗೆ ದೀಪ ಹಚ್ಚುತ್ತಿದ್ದರು, ತಿರುಗಿಯೂ ನೋಡಲಿಲ್ಲ.

ಅದು ಕೆಲಸಕ್ಕೆ ಹೋದವರೆಲ್ಲ ಶಿರಸಿಯಿಂದ ವಾಪಸು ಬರುವ ಹೊತ್ತು. ಬೈಕುಗಳು ಒಂದರ ಹಿಂದೊಂದು ಬೀದಿಗೆ ತಿರುಗುತ್ತಿದ್ದವು. ಆಗಷ್ಟೇ ಬಂದ ಬಸ್ಸಿನಿಂದ ಜನ ಇಳಿಯುತ್ತಿದ್ದರು. ಆಕಾಶ ಹಪ್ಪಳದ ಎಲ್ಲ ಹಳದಿಗಳನ್ನೂ ದಾಟಿ ಕೆಂಪಿಗೆ ಬಂದಿತ್ತು. ದೂಳು ಏಳುತ್ತಿತ್ತು, ದೂಳಿನೊಳಗೆ ಬೆಳಕು ನಿಂತಿತ್ತು, ಎಲ್ಲವೂ ನೀರಿನೊಳಗೆ ನಡೆಯುತ್ತಿರುವ ಹಾಗೆ ನಿಧಾನವಾಗಿ ಕಾಣಿಸುತ್ತಿತ್ತು. ಸುಬ್ರಾಯಣ್ಣ ನಡೆದು ಹೋಗಿ ಗೇಟು ತೆರೆದರು. ಒಂದು ಸಲ ಕೆಮ್ಮಿದರು.

"ಕೇಳಿ!" ಎಂದರು. ಬೈಕ್ ಒಂದು ಗಕ್ಕನೆ ನಿಂತಿತು. "ನಮ್ಮನೆ ಮೋರಿ ಕಟ್ಟಿದ್ದು ನನ್ನ ದಬ್ಬೆಯಿಂದ! ನಾನೇ ಗುದ್ದಿ, ನಾನೇ ಮುರಿದು ಒಳಗೆ ಬಿಟ್ಟದ್ದು! ಗಂಗಕ್ಕನ ಮೇಣ ಅಲ್ಲ! ಅವರ ಹಪ್ಪಳ ಚೊಕ್ಕ! ನಾನು ಹೇಳಿದ್ದು ಸುಳ್ಳು!"

ಎದುರು ಮನೆಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಬಸ್ಸಿನಿಂದ ಇಳಿದವರು ಚೀಲ ಹಿಡಿದುಕೊಂಡು ನಿಂತರು. ಯಾರೂ ನಗಲಿಲ್ಲ. ಸುಬ್ರಾಯಣ್ಣನ ಕುತ್ತಿಗೆ ಕೆಂಪಾಗಿತ್ತು. ನನಗೆ ಆ ಗಳಿಗೆಯಲ್ಲಿ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದು ಹೋಗಿ ಪಾಪ ಎನಿಸಿತು.

ಮೇಲಿನಿಂದ ಗಂಗಕ್ಕ ತಾರಸಿಯ ಕಟ್ಟೆಗೆ ಎದೆಯಾನಿಸಿ ಬಗ್ಗಿದರು.

"ಪೂರಾ ತಪ್ಪು ನಿಂದೇ ಹೇಳಡ ಸುಬ್ರಾಯಣ್ಣ!" ಎಂದು ಕೂಗಿದರು. ಅವರ ಗಂಟಲಿಗೆ ಅಷ್ಟು ಶಕ್ತಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. "ಮೊದಲ್ನೇ ಸಲ ಕಟ್ಟಿದ್ದು ನನ್ನ ಮೇಣವೇಯ! ಅದ್ನೂ ಹೇಳು!"

ಸುಬ್ರಾಯಣ್ಣ ಬಾಯಿ ತೆರೆದುಕೊಂಡು ಮೇಲೆ ನೋಡಿದರು. ಆಮೇಲೆ ಬೀದಿಯ ಕಡೆ ತಿರುಗಿ, ಆಯಿತು, ಮೊದಲನೇ ಸಲ ಮೇಣ, ಆಮೇಲೆ ದಬ್ಬೆ, ಎಂದು ಇನ್ನೊಮ್ಮೆ ಕೂಗಿದರು. ಈಗ ಬೀದಿ ನಕ್ಕಿತು. ಗಂಗಕ್ಕನ ತಲೆ ಕಟ್ಟೆಯಿಂದ ಮರೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಮೇಲೆ ಇಟ್ಟಿಗೆಗೆ ಇಟ್ಟಿಗೆ ತಾಗುವ ಸದ್ದು ಕೇಳಿಸತೊಡಗಿತು.